ಸೈಕಲ್ಲಿಗೆ ಕಟ್ಟಿದ ಎಳೆ

ಯಾರನ್ನೂ ಸುಲಭಕ್ಕೆ ನಂಬುವ ಜಾಯಮಾನ ನನ್ನದಲ್ಲ. ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಮುಂದೆ ಇಪ್ಪತ್ತು ವರ್ಷ ನಿಂತವಳು. ರೇಷ್ಮೆ ಎಂದು ಕೊಟ್ಟದ್ದನ್ನೆಲ್ಲ ರೇಷ್ಮೆ ಎಂದೇ ನಂಬಿದ್ದರೆ ಎಂದೋ ಮುಳುಗಿಹೋಗುತ್ತಿದ್ದೆ. ಮಗಳಿಗೆ ಕಾಲೇಜಿಗೆ ಹೋಗಲು ಸೈಕಲ್ ಬೇಕಾದಾಗಲೂ ಮೊದಲು ಎದ್ದು ಕೂತದ್ದು ಅನುಮಾನವೇ.

ಪೇಟೆಯ ಸೈಕಲ್ ಅಂಗಡಿಯ ವಯಸ್ಸಾದ ಯಜಮಾನರು ಹೊಸ ಸೈಕಲ್ಲನ್ನು ಅಂದೇ ಕೊಡುವುದಿಲ್ಲ ಎಂದರು. ತಾವೇ ಕೂತು ಜೋಡಿಸಬೇಕು, ಎರಡು ದಿನ ಬಿಟ್ಟು ಬನ್ನಿ, ವಾರ ಓಡಿಸಿದ ಮೇಲೆ ಇನ್ನೊಂದು ಸಲ ತನ್ನಿ ಎಂದರು. ಎರಡು ದಿನ ಯಾಕೆ? ಒಳ್ಳೆ ಸಾಮಾನು ಕಳಚಿ ಹಳೆಯದನ್ನು ಸೇರಿಸಲಿಕ್ಕೇ ಇರಬೇಕು. ಮತ್ತೆ ತರಬೇಕಂತೆ! ನನಗೇ ಟೋಪಿ ಹಾಕಲು ನೋಡುತ್ತಾರಲ್ಲ ಎಂದು ರೇಗಿ, ಮಗಳನ್ನು ಕರೆದುಕೊಂಡು ಹೆದ್ದಾರಿ ಬದಿಯ ದೊಡ್ಡ ಮಳಿಗೆಗೆ ಹೋದೆ. ಊರೂರಲ್ಲೂ ಶಾಖೆ ಇರುವಂಥದ್ದು. ಗಾಜಿನ ಬಾಗಿಲು, ತಣ್ಣನೆ ಗಾಳಿ, ಕಂಪ್ಯೂಟರ್ ಬಿಲ್ಲು. ಅರ್ಧ ಗಂಟೆಯಲ್ಲಿ ಸೈಕಲ್ ಕೈಗೆ ಬಂತು. ಇಲ್ಲಿ ಮೋಸ ಮಾಡಲು ಯಾರಿಗೆ ಪುರುಸೊತ್ತು ಎಂದುಕೊಂಡೆ.

ಮೂರನೇ ದಿನವೇ ಮಗಳು ಹ್ಯಾಂಡಲ್ ಅಲ್ಲಾಡುತ್ತದೆ ಎಂದಳು. ಸ್ಕೂಟರ್ ಬೇಕೆಂದು ರಾಗ ಎಳೆಯುತ್ತಿದ್ದಾಳೆ ಅನ್ನಿಸಿ ಗದರಿದೆ. ಇನ್ನೆರಡು ಸಲ ಹೇಳಿದಳು. ಆಮೇಲೆ ಸುಮ್ಮನಾದಳು. ವಾರ ತುಂಬುವಷ್ಟರಲ್ಲಿ ಬಸ್ ನಿಲ್ದಾಣದ ತಿರುವಿನಲ್ಲಿ ಹ್ಯಾಂಡಲ್ ಒಂದು ಕಡೆ, ಚಕ್ರ ಒಂದು ಕಡೆ ತಿರುಗಿ, ಬಿದ್ದು ಮೊಣಕೈ ತರಚಿಕೊಂಡು ಬಂದಳು. ಹಿಂದೆ ಲಾರಿ ಇರಲಿಲ್ಲ, ನಮ್ಮ ಪುಣ್ಯ. ಮಳಿಗೆಗೆ ಫೋನ್ ಮಾಡಿದರೆ, ರಿಪೇರಿಯವರು ಶನಿವಾರ ಮಾತ್ರ ಬರುತ್ತಾರೆ ಎಂದು ಇಟ್ಟುಬಿಟ್ಟರು.

ಬೇರೆ ದಾರಿಯಿಲ್ಲದೆ ಪೇಟೆಯ ಯಜಮಾನರ ಹತ್ತಿರವೇ ಸೈಕಲ್ ಬಿಟ್ಟುಬಂದೆ. ಬಿಡುವ ಮುಂಚೆ ಮನೆಯಲ್ಲಿ ಒಂದು ಕೆಲಸ ಮಾಡಿದ್ದೆ. ಮಗ್ಗದಲ್ಲಿ ಎಳೆ ಕಡಿದರೆ ಕಣ್ಣಿಗೆ ಕಾಣದಂತೆ ಗಂಟು ಹಾಕುತ್ತೇವಲ್ಲ, ಅದೇ ಗಂಟಿನಲ್ಲಿ ಪೆಡಲ್, ಬ್ರೇಕ್, ಚಕ್ರದ ಕಡ್ಡಿ ಎಲ್ಲದಕ್ಕೂ ಕಪ್ಪು ರೇಷ್ಮೆ ಎಳೆ ಕಟ್ಟಿದ್ದೆ. ಸಾಮಾನು ಬದಲಾಯಿಸಿದರೆ ಸಿಕ್ಕಿಬೀಳಲಿ ಎಂದು.

ಮರುದಿನ ಮಗಳ ಜೊತೆ ಹೋಗಿ ನೋಡಿದರೆ ಒಂದು ಎಳೆಯೂ ಇಲ್ಲ. ನಾಲ್ಕು ಜನರ ಮುಂದೆ ಬಾಯಿಗೆ ಬಂದಂತೆ ಅಂದುಬಿಟ್ಟೆ. ಅವರು ಒಂದು ಕಾಗದದ ಪೊಟ್ಟಣ ಬಿಚ್ಚಿ ಮುಂದಿಟ್ಟರು. ಎಳೆಗಳೆಲ್ಲ ಅದರಲ್ಲಿದ್ದವು.

“ಬ್ರೇಕಿಗೆ ಸಿಕ್ಕೊಂಡ್ರೆ ಮಗು ಬಿದ್ದೋಗುತ್ತೆ ಅಂತ ಬಿಚ್ದೆ ಕಣಮ್ಮ. ಹ್ಯಾಂಡಲ್ ಬೋಲ್ಟನ್ನ ಆ ಮಳಿಗೆಯೋರು ಬಿಗಿ ಮಾಡೇ ಇಲ್ಲ. ವಾರದಿಂದ್ಲೂ ಅಲ್ಲಾಡಿರ್ಬೇಕು. ಮಗು ಏನೂ ಹೇಳ್ಲಿಲ್ವಾ?”

ಮಗಳು ಪಕ್ಕದಲ್ಲೇ ನಿಂತಿದ್ದಳು.

“ಇಲ್ಲ, ಏನೂ ಹೇಳ್ಲಿಲ್ಲ,” ಅಂದೆ.

ಅವರು ಅವಳ ಕಡೆ ತಿರುಗಿ, ಇಂಥದ್ದನ್ನೆಲ್ಲ ಅಮ್ಮನಿಗೆ ಹೇಳಬೇಕು ಎಂದು ಬುದ್ಧಿ ಹೇಳಿದರು. ಅವಳು ನನ್ನ ಮುಖ ನೋಡಲಿಲ್ಲ.

“ಸರಿ ತಾತ,” ಅಂದಳು.