ಕುರಿ ಪುಸ್ತಕಕ್ಕೆ ಬಿದ್ದ ಅಂಟು

ಗೋಕಾಕ ಫಾಲ್ಸಿನ ಗಿರಣಿ ಗೋಡೆಗೆ ಯಾರೋ ನೋಟೀಸು ಹಚ್ಚುತ್ತಿದ್ದರು. ಹಿಟ್ಟಿನ ಅಂಟಿನ ಹುಳಿ ವಾಸನೆ ಮೂಗಿಗೆ ಬಡಿಯಿತು. ಚಿಕ್ಕಂದಿನ ಶಾಲೆಯ ಫಾದರ್ ಮೇಲಿನ ಹಳೇ ಸಿಟ್ಟು ನೆತ್ತಿಗೇರಿತು.

ನಮ್ಮ ಪಾದ್ರಿ ಶಾಲೆಯಲ್ಲಿ ಹುಡುಗರ ಪ್ರತಿ ಪುಸ್ತಕವನ್ನೂ ಅವರು ತಪಾಸಣೆ ಮಾಡುತ್ತಿದ್ದರು. ಪರದೇಶದವರು, ಕನ್ನಡ ಓದಲು ಬಾರದ್ದರಿಂದ ಚಿತ್ರ ಮಾತ್ರ ನೋಡುತ್ತಿದ್ದರು. ಕೆಟ್ಟದ್ದೆನಿಸಿದರೆ ಎರಡು ಹಾಳೆ ಸೇರಿಸಿ ಅಂಟು ಬಳಿಯುತ್ತಿದ್ದರು.

ನಮ್ಮಪ್ಪ ಕುರಿ ಕಾಯುವವ, ಓದು ಬಾರದು. ಕುರಿ ಸಾಕುವ ಪುಸ್ತಕವೊಂದನ್ನು ಕೊಂಡು, ಓದಿ ಹೇಳೆಂದು ನನಗೆ ಕೊಟ್ಟಿದ್ದ. ಅದು ನನ್ನ ಚೀಲದಲ್ಲಿ ಸಿಕ್ಕಿತು. ಕುರಿ ಈಯುವ ಚಿತ್ರ ಕಂಡು ಫಾದರ್ ಕೆಂಪಾದರು. ಅಂಟು ಬಿತ್ತು.

ಅಪ್ಪ ಮಮದಾಪುರದಿಂದ ನಡೆದು ಶಾಲೆಗೇ ಬಂದ.

"ಫಾದರ್ ಸಾಹೇಬ್ರ, ನಿಮ್ಮ ಊರಾಗ ಕುರಿ ಚರ್ಚನ್ಯಾಗ ಮದುವಿ ಆಗಿ, ಅಂಗಿ ತೊಟ್ಕೊಂಡು ಮರಿ ಹಾಕ್ತಾವೇನ್ರಿ?"

ಇಡೀ ತರಗತಿ ನಕ್ಕಿತು. ನಗದೆ ಬಾಯಿ ಮುಚ್ಚಿಕೊಂಡಿದ್ದ ನನಗೆ ಬೆತ್ತದ ಏಟು ಬಿತ್ತು.

ಆ ವಾರವೇ ನಮ್ಮ ಕುರಿಯೊಂದಕ್ಕೆ ಹೊಟ್ಟೆಯಲ್ಲಿ ಮರಿ ಅಡ್ಡವಾಯಿತು. ಅಪ್ಪನ ಕೈಗುಣ ನಡೆಯಲಿಲ್ಲ. ಅವ್ವ ಅನ್ನದ ಗಡಿಗೆಯ ಹಬೆಗೆ ಪುಸ್ತಕ ಹಿಡಿದು ಅಂಟಿದ ಹಾಳೆ ಬಿಡಿಸುವಷ್ಟರಲ್ಲಿ ಕುರಿ ಸತ್ತಿತ್ತು.

"ಏನ್ ಬರದೈತಿ, ಓದು," ಅಂದ ಅಪ್ಪ.

ಮರಿಯ ಕಾಲು ಹೇಗೆ ಹೊರಳಿಸಬೇಕೆಂದು ಬರೆದಿತ್ತು. ಪೂರ್ತಿ ಓದಿದೆ. ಅಪ್ಪ ಎದ್ದು ಹೊರಗೆ ಹೋದ.

ಇವತ್ತಿಗೂ ಊರವರು ಆ ಫಾದರ್ ಬಲು ಒಳ್ಳೆಯವರಿದ್ದರು ಎನ್ನುತ್ತಾರೆ. ಹೌದೆನ್ನಲು ನನಗೆ ಮನಸ್ಸು ಬರುವುದಿಲ್ಲ.