ತಯ್ಯಬ್ ಜೀಪು ನಿಲ್ಲಿಸಿದ ಏರು

ನಮ್ಮ ಹಲಸಿನಕೊಪ್ಪದಲ್ಲಿ ಯಾರಿಗಾದರೂ ಮರ್ಯಾದೆ ಮಾಡಬೇಕೆಂದರೆ ತೆರೆದ ಜೀಪಿನಲ್ಲಿ ನಿಲ್ಲಿಸಿ ಬಸ್ ಸ್ಟ್ಯಾಂಡಿನಿಂದ ಮೆರವಣಿಗೆ ಮಾಡಬೇಕು. ಮದುಮಕ್ಕಳಿಗೂ ಅದೇ, ಪಂಚಾಯಿತಿ ಚುನಾವಣೆ ಗೆದ್ದವರಿಗೂ ಅದೇ. ಕಾರಿನಲ್ಲಿ ಕರೆತಂದರೆ ಅದು ಬರೀ ಕರೆತಂದಂತೆ, ಮರ್ಯಾದೆ ಅಲ್ಲ. ಈಗ ಕಳಸದ ದಾರಿಯಲ್ಲಿ ಓಡುವ ಜೀಪುಗಳಿಗೆಲ್ಲ ತಗಡಿನ ಮಾಡು. ಟಾರ್ಪಾಲಿನ ಹುಡ್ ಬಿಚ್ಚಬಹುದಾದ ಹಳೆಯ ಜೀಪು ಸ್ಟ್ಯಾಂಡಿನಲ್ಲಿ ಉಳಿದಿರುವುದು ಒಂದೇ, ತಯ್ಯಬನದು. ಹಾಗಾಗಿ ಊರಿನ ಮರ್ಯಾದೆಯೆಲ್ಲ ಇಪ್ಪತ್ತು ವರ್ಷದಿಂದ ಅವನ ಜೀಪಿನ ಮೇಲೆಯೇ ಹೋಗಿದೆ.

ಆ ಜೀಪು ಅವನ ಕೈಗಲ್ಲದೆ ಇನ್ನೊಬ್ಬರ ಕೈಗೆ ಸ್ಟಾರ್ಟ್ ಆಗುವುದಿಲ್ಲ. ಸ್ಟೇರಿಂಗಿನ ಕೆಳಗೆ ಕೈ ಹಾಕಿ ಯಾವುದೋ ವೈರನ್ನು ಒಂದು ಕ್ಷಣ ಒತ್ತಿ ಹಿಡಿಯಬೇಕು. ಯಾವ ವೈರು, ಎಷ್ಟು ಹೊತ್ತು ಎಂಬುದು ಅವನಿಗೇ ಗೊತ್ತು. ಮೆಕ್ಯಾನಿಕ್ ಸಮೀಉಲ್ಲಾ ಕೂಡ ಒಂದು ಮಧ್ಯಾಹ್ನ ಒದ್ದಾಡಿ, "ಇದು ನಿನ್ನ ಎರಡನೇ ಹೆಂಡ್ತಿ ಮಾರಾಯ, ನಂಗೆ ಬೇಡ" ಎಂದು ಎದ್ದುಹೋಗಿದ್ದ. ತಯ್ಯಬನ ಹೆಂಡತಿ ಸಾಬೀರಾ ಅದನ್ನು ಕೇಳಿ, "ಎರಡನೇದಲ್ಲ, ಮೊದಲನೇದು. ಮಲಗೋದೊಂದು ಬಾಕಿ" ಎಂದಿದ್ದಳು.

ಸ್ಟ್ಯಾಂಡಿನ ಮೂಲೆಯಲ್ಲಿ ನನ್ನ ಹೂವಿನ ಅಂಗಡಿ. ಕೈಗೆ ಕೆಲಸವಿದ್ದರೂ ಕಿವಿ ಬಿಡುವಾಗಿರುತ್ತದೆ. ಬಾಡಿಗೆ ಇಲ್ಲದ ಹೊತ್ತಿನಲ್ಲಿ ತಯ್ಯಬ್ ಬಂದು ನೀರಿನ ಬಕೆಟ್ಟಿನ ಪಕ್ಕ ಕೂರುತ್ತಾನೆ. ಅವನ ಕತೆ ನನಗೆ ಒಂದೇ ದಿನ ಸಿಕ್ಕಿದ್ದಲ್ಲ. ಒಂದು ವರ್ಷ ಅರ್ಧ, ಇನ್ನೊಂದು ವರ್ಷ ಕಾಲು, ಹೀಗೆ ತುಂಡು ತುಂಡಾಗಿ ಸಿಕ್ಕಿತು.

ತಯ್ಯಬ್ ಓಡುತ್ತಿದ್ದ. ತಾಯಿ ಮೈಮೂನಾಬಿ ತೋಟದಲ್ಲಿ ಕಾಫಿ ಕೊಯ್ಯುವವಳು, ತಂದೆ ಇರಲಿಲ್ಲ. ಬೆಳಿಗ್ಗೆ ತಾಯಿಗೆ ಬುತ್ತಿ ಮುಟ್ಟಿಸಿ, ತೋಟದಿಂದ ಹೈಸ್ಕೂಲಿಗೆ ನಾಲ್ಕು ಮೈಲಿ ಓಡಿಯೇ ಬರುತ್ತಿದ್ದ. ಶಾಲೆ ಗುಡ್ಡದ ತುದಿಯಲ್ಲಿದೆ. ಪೇಟೆಯಿಂದ ಅದರ ಗೇಟಿನವರೆಗೆ ಇರುವ ಏರಿನಲ್ಲಿ ಈಗಲೂ ಜೀಪು ಫಸ್ಟ್ ಗೇರಿನಲ್ಲೇ ಹತ್ತಬೇಕು. ಅದನ್ನು ಅವನು ನಿಲ್ಲದೆ ಹತ್ತುವುದನ್ನು ಡ್ರಿಲ್ ಮೇಷ್ಟ್ರು ರೇವಣ್ಣನವರು ನೋಡಿದರು. ಬೆಳಿಗ್ಗೆ, ಸಂಜೆ ಓಡಿಸಿದರು. ತಮ್ಮ ಮನೆಯಿಂದ ಮೊಟ್ಟೆ ತಂದು ಕೊಟ್ಟರು. ಇದನ್ನು ಹೇಳುವಾಗ ತಯ್ಯಬ್ ಯಾವತ್ತೂ ಮೊಟ್ಟೆಯನ್ನು ಬಿಡುವುದಿಲ್ಲ. "ಮೊಟ್ಟೆ ಕೊಟ್ಟಿದ್ದು ನಿಜ ಅಕ್ಕ. ಅದೂ ಲೆಕ್ಕದಲ್ಲಿ ಇರ್ಲಿ" ಎನ್ನುತ್ತಾನೆ.

ಅವನು ಹತ್ತನೇ ತರಗತಿಯಲ್ಲಿದ್ದಾಗ ಚಿಕ್ಕಮಗಳೂರಿನಲ್ಲಿ ಜಿಲ್ಲಾ ಮಟ್ಟದ ಓಟ ಬಂತು. ಒಂಬತ್ತರಲ್ಲಿ ಒಮ್ಮೆ ಫೇಲಾಗಿದ್ದ ತಯ್ಯಬನಿಗೆ ವಯಸ್ಸು ಮೂರು ತಿಂಗಳು ಮೀರಿತ್ತು. ಅವನ ಹೆಸರು ಕಳಿಸುವಂತಿರಲಿಲ್ಲ. ಅದೇ ತರಗತಿಯಲ್ಲಿ ದೊಡ್ಡ ತೋಟದ ಮನೆಯ ಮಗ ಶಶಿಧರ್ ಇದ್ದ. ಮೇಷ್ಟ್ರು ಅವನ ಹೆಸರು ಕಳಿಸಿದರು. ಓಡಲು ತಯ್ಯಬನನ್ನು ಕರೆದೊಯ್ದರು. ಹೊರಡುವ ಮೊದಲು ಎರಡು ದಿನ ಶಶಿಧರನ ಸಹಿ ಹಾಕಲು ಅಭ್ಯಾಸ ಮಾಡಿಸಿದರು.

"ಕಪ್ ಶಾಲೆಗೆ ಬರ್ತದೆ ಕಣೋ. ಹೆಸರು ಯಾರದಾದ್ರೆ ಎಂತ? ನಿಂಗೆ ಮುಂದೆ ನಾನಿಲ್ವ?" ಎಂದರಂತೆ.

ಸಾವಿರದ ಐನೂರು ಮೀಟರ್. ಬರಿಗಾಲಲ್ಲಿ ಓಡಿ, ಎರಡನೆಯವನಿಗಿಂತ ಮೂವತ್ತು ಗಜ ಮುಂದೆ ಬಂದು ನಿಂತ. ಮೈಕಿನಲ್ಲಿ ಶಶಿಧರನ ಹೆಸರು ಕೂಗಿದರು. ತಯ್ಯಬ್ ಹೋಗಿ ಕೈ ಮುಗಿದು ಸರ್ಟಿಫಿಕೇಟು ತೆಗೆದುಕೊಂಡ. ತಾನೂ ಒಪ್ಪಿಯೇ ಮಾಡಿದ್ದು, ತನ್ನ ತಪ್ಪೂ ಇದೆ ಎಂದು ಅವನೇ ಹೇಳುತ್ತಾನೆ. ಅಲ್ಲಿಗೇ ಮುಗಿದಿದ್ದರೆ ಮರೆತುಬಿಡುತ್ತಿದ್ದನೇನೋ.

ಎರಡು ವರ್ಷದ ನಂತರ ಸೈನ್ಯಕ್ಕೆ ಸೇರಿಸಿಕೊಳ್ಳುವವರು ಬರುತ್ತಾರೆಂದು ಸುದ್ದಿಯಾಯಿತು. ಓಟದಲ್ಲಿ ಗೆದ್ದ ಕಾಗದವಿದ್ದರೆ ಅನುಕೂಲವೆಂದು ಯಾರೋ ಹೇಳಿದರು. ತಯ್ಯಬ್ ಆಗ ಮೊದಲ ಸಲ ತಾಯಿಗೆ ನಿಜ ಹೇಳಿದ. ಮೈಮೂನಾಬಿ ಅರ್ಧ ದಿನದ ಕೆಲಸ ಬಿಟ್ಟು, ತೊಳೆದ ಸೀರೆ ಉಟ್ಟು ಮಗನ ಜೊತೆ ಶಾಲೆಗೆ ಬಂದಳು. ಗೇಟಿನ ಕೆಳಗೆ, ಏರಿನ ತಿರುವಿನಲ್ಲಿ ಒಂದು ಹಲಸಿನ ಮರವಿದೆ. ಅಲ್ಲೇ ರೇವಣ್ಣ ಮೇಷ್ಟ್ರು ಎದುರಾದರು. ಜೊತೆಗೆ ಶಶಿಧರನೂ ಇದ್ದ. ಆಟಗಾರರ ಕೋಟಾದಲ್ಲಿ ಅವನಿಗೆ ಕಾಲೇಜು ಸೀಟು ಸಿಕ್ಕಿತ್ತು. ಮೇಷ್ಟ್ರಿಗೆ ಸಿಹಿ ಕೊಡಲು ಬಂದಿದ್ದ.

"ಓಡಿದ್ದು ನನ್ನ ಮಗ ಅಂತಾನೆ ಸಾರ್. ಒಂದು ಕಾಗದ ಬರ್ಕೊಡಿ" ಎಂದಳು ಮೈಮೂನಾಬಿ.

ಮೇಷ್ಟ್ರು ಶಶಿಧರನ ಮುಖ ನೋಡಿದರು. ಆಮೇಲೆ ನೆಲ ನೋಡಿದರು. "ನಿಮ್ಮ ಮಗ ಸುಳ್ಳು ಹೇಳ್ತಾನಮ್ಮ" ಎಂದರು.

ಶಶಿಧರ್ ನಕ್ಕ. "ಕನಸಲ್ಲಿ ಓಡಿರ್ಬೇಕು ಮಾರಾಯ!"

ಮೈಮೂನಾಬಿ ಅದೇ ಮರದ ಬುಡದಲ್ಲಿ, ಅವರಿಬ್ಬರ ಎದುರಿಗೇ ಮಗನ ಕೆನ್ನೆಗೆ ಹೊಡೆದಳು. ಮೇಷ್ಟ್ರ ಹತ್ತಿರ ಕ್ಷಮೆ ಕೇಳಿದಳು. ಮಗನ ಕೈಯಿಂದಲೂ ಕೇಳಿಸಿದಳು. ಊಟವಿಲ್ಲದ ದಿನವೂ ಸುಳ್ಳು ಹೇಳಬಾರದೆಂದು ಬೆಳೆಸಿದವಳು ಅವಳು. ಇಳಿಯುತ್ತಾ ದಾರಿಯುದ್ದಕ್ಕೂ ಅತ್ತಳಂತೆ. ತಯ್ಯಬ್ ಆಮೇಲೆ ಎಷ್ಟೋ ಸಲ ಆಣೆ ಮಾಡಿ ಹೇಳಿದ. "ಮೇಷ್ಟ್ರು ಎಂತಕ್ಕೆ ಸುಳ್ಳು ಹೇಳ್ತಾರೆ?" ಎಂಬ ಒಂದೇ ಉತ್ತರ. ಹನ್ನೊಂದು ವರ್ಷದ ನಂತರ ಅವಳು ತೀರಿಕೊಂಡಳು. ಮಗ ಸುಳ್ಳುಗಾರ ಎಂದು ನಂಬಿಯೇ ತೀರಿಕೊಂಡಳು.

ತಯ್ಯಬ್ ಸೈನ್ಯದ ಕಡೆ ಹೋಗಲಿಲ್ಲ. ಜೀಪು ತೊಳೆಯುವ ಕೆಲಸಕ್ಕೆ ಸೇರಿದ, ಡ್ರೈವರಾದ, ಮುದಿ ಮಾಲೀಕನಿಂದ ಈ ಜೀಪು ಕೊಂಡ. ಸಾಬೀರಾಳನ್ನು ಮದುವೆಯಾದ, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ. ಶಶಿಧರ್ ಓದು ಮುಗಿಸಿ ಬಂದು ತೋಟ ನೋಡಿಕೊಂಡರು. ತೋಟದ ಗೇಟಿನ ಬೋರ್ಡಿನಲ್ಲಿ ಹೆಸರಿನ ಕೆಳಗೆ 'ಮಾಜಿ ಜಿಲ್ಲಾ ಚಾಂಪಿಯನ್' ಎಂದು ಬರೆಸಿದರು. ತಯ್ಯಬ್ ಬಾಡಿಗೆಗೆ ಆ ದಾರಿಯಲ್ಲಿ ಹೋದಾಗಲೆಲ್ಲ ಅದನ್ನು ಓದುತ್ತಿದ್ದ. ಬೇರೆ ದಾರಿ ಹಿಡಿ ಎಂದು ನಾನು ಹೇಳಿದ್ದಿದೆ. "ಓದ್ಬೇಕು ಅಕ್ಕ. ಇಲ್ಲಾಂದ್ರೆ ತಣ್ಣಗಾಗ್ತದೆ" ಎಂದಿದ್ದ. ಅವನ ಕೋಪ ಇಳಿಸಪ್ಪ ಎಂದು ದೇವರ ಮುಂದೆ ದೀಪ ಹಚ್ಚುವಾಗ ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅದು ಇಳಿಯಲಿಲ್ಲ.

ಕಳೆದ ಜನವರಿಯಲ್ಲಿ ಹೈಸ್ಕೂಲಿಗೆ ಐವತ್ತು ವರ್ಷ ತುಂಬಿತು. ಹೆಸರು ಮಾಡಿದ ಹಳೆ ವಿದ್ಯಾರ್ಥಿಗಳಿಗೆ, ಆಟಗಾರರಿಗೆ ಸನ್ಮಾನ ಎಂದು ಪೇಟೆಯ ತುಂಬ ಫ್ಲೆಕ್ಸ್ ಕಟ್ಟಿದರು. ಮೊದಲ ಚಿತ್ರ ಶಶಿಧರ್ ಅವರದು, ಪಕ್ಕದಲ್ಲಿ 'ಚಾಂಪಿಯನ್ ತಯಾರಿಸಿದ ಗುರು' ರೇವಣ್ಣ ಮೇಷ್ಟ್ರು. ಶಶಿಧರ್ ತಾವೇ ಸ್ಟ್ಯಾಂಡಿಗೆ ಬಂದರು.

"ತಯ್ಯಬ್, ಭಾನುವಾರ ಜೀಪು ಬೇಕು ಮಾರಾಯ. ಹುಡ್ ಬಿಚ್ಚಿಡು. ನಾನು, ಮೇಷ್ಟ್ರು ಇಬ್ರೂ ಅದ್ರಲ್ಲೇ."

"ಎಂತಕ್ಕೆ ಸನ್ಮಾನ ಅಣ್ಣಾ?"

"ಗೊತ್ತಿಲ್ವ? ಓಟದ್ದು. ಈ ಶಾಲೆಯಿಂದ ಜಿಲ್ಲೆ ಗೆದ್ದಿದ್ದು ನಾನೊಬ್ನೇ ಅಲ್ವ."

ನಾನು ಹೂವಿನಿಂದ ಕಣ್ಣೆತ್ತಿ ನೋಡಿದೆ. ಅವರ ಮುಖದಲ್ಲಿ ಅಳುಕೂ ಇರಲಿಲ್ಲ, ಕುಚೋದ್ಯವೂ ಇರಲಿಲ್ಲ. ಮೂವತ್ತು ವರ್ಷ ಹೇಳಿ ಹೇಳಿ, ಓಡಿದ್ದು ಯಾರೆಂಬುದನ್ನು ಮನುಷ್ಯ ನಿಜವಾಗಿಯೂ ಮರೆತಿದ್ದರು. ಮರೆಯದಿದ್ದರೆ ಊರಿನಲ್ಲಿ ಆ ಒಬ್ಬನ ಜೀಪನ್ನು ಕೇಳಲು ಬರುತ್ತಿರಲಿಲ್ಲ.

"ತರ್ತೀನಿ" ಎಂದ ತಯ್ಯಬ್.

ಮೂರು ದಿನ ಜೀಪು ತೊಳೆದ. ಶನಿವಾರ ನನ್ನ ಹತ್ತಿರ ಬಂದು, "ಹಾರ ನೀವೇ ಕಟ್ಟೋದಂತಲ್ಲ ಅಕ್ಕ. ಶಶಿಧರಣ್ಣಂದು ಭಾರ ಇರ್ಲಿ. ಎಷ್ಟು ಆಗ್ತದೋ ಅಷ್ಟು" ಎಂದ. ಚೆಂಡುಹೂವು, ಸೇವಂತಿಗೆ ಸೇರಿಸಿ ದಪ್ಪಗೆ, ಮೊಣಕಾಲಿನವರೆಗೆ ಬರುವಂತೆ ಕಟ್ಟಿದೆ. ಭಾನುವಾರ ಬೆಳಿಗ್ಗೆ ದೀಪ ಹಚ್ಚಿದಾಗ ಅವನ ಕೋಪ ಇಳಿಸೆಂದು ಕೇಳಿಕೊಳ್ಳಲಿಲ್ಲ.

ಹತ್ತು ಗಂಟೆಗೆ ಮೆರವಣಿಗೆ ಹೊರಟಿತು. ಮುಂದೆ ಬ್ಯಾಂಡು. ಅದರ ಹಿಂದೆ ತಯ್ಯಬನ ಜೀಪು. ಅದರಲ್ಲಿ ಪೇಟ ತೊಟ್ಟು, ಕೊರಳಿಗೆ ಆ ಹಾರ ಹಾಕಿಕೊಂಡು ನಿಂತ ಶಶಿಧರ್, ಸೀಟಿನಲ್ಲಿ ಕೂತ ಮೇಷ್ಟ್ರು. ಉಳಿದ ಸನ್ಮಾನಿತರನ್ನು ಹಿಂದಿನ ಪಿಕಪ್ಪಿನಲ್ಲಿ ತುಂಬಿದ್ದರು. ಅವರಲ್ಲಿ ನಿವೃತ್ತ ನರ್ಸ್ ವಿಮಲಮ್ಮನೂ ಇದ್ದರು. ನಾನು ಉಳಿದ ಹಾರಗಳ ಬುಟ್ಟಿ ಹೊತ್ತು ಜೀಪಿನ ಪಕ್ಕದಲ್ಲೇ ನಡೆಯುತ್ತಿದ್ದೆ. ಪೇಟೆ ದಾಟಿ ಏರು ಶುರುವಾಯಿತು. ಹಲಸಿನ ಮರದ ತಿರುವಿನಲ್ಲಿ ತಯ್ಯಬ್ ಜೀಪು ನಿಲ್ಲಿಸಿದ. ಕೀ ತೆಗೆದು ಜೇಬಿಗೆ ಹಾಕಿದ. ಇಳಿದು, ಒಂದು ಕಲ್ಲು ತಂದು ಹಿಂದಿನ ಚಕ್ರಕ್ಕೆ ಇಟ್ಟ. ಏರಿನಲ್ಲಿ ಡ್ರೈವರ್ ಕಲ್ಲಿಟ್ಟನೆಂದರೆ ಸದ್ಯಕ್ಕೆ ಹೊರಡುವುದಿಲ್ಲ ಎಂದರ್ಥ.

"ಎಂತ ಆಯ್ತು ತಯ್ಯಬ್, ಡೀಸೆಲ್ ಖಾಲಿಯಾ?" ಎಂದು ವಿಮಲಮ್ಮ ಹಿಂದಿನಿಂದ ಕೂಗಿದರು.

"ಇಲ್ಲಮ್ಮ, ಭರ್ತಿ ಇದೆ" ಎಂದು ತಯ್ಯಬ್ ಜೀಪಿನ ಮುಂದೆ ಬಂದು ನಿಂತ. "ಶಶಿಧರ, ಇಳಿ. ಇಲ್ಲಿಂದ ಗೇಟಿಗೆ ಮುನ್ನೂರು ಗಜ. ಜಿಲ್ಲೆ ಗೆದ್ದೋನಲ್ವ? ಓಡು ನೋಡುವ."

ಅವನು ಶಶಿಧರ್ ಅವರನ್ನು ಏಕವಚನದಲ್ಲಿ ಕರೆದಿದ್ದನ್ನು ಊರು ಅಂದೇ ಮೊದಲು ಕೇಳಿದ್ದು. ಬ್ಯಾಂಡಿನವರು ತಾವಾಗಿಯೇ ನಿಲ್ಲಿಸಿದರು.

"ತಲೆ ಕೆಟ್ಟಿದ್ಯ ನಿಂಗೆ? ತೆಗಿ ಗಾಡಿ" ಎಂದರು ಶಶಿಧರ್.

"ಇದೇ ಮರ. ನಮ್ಮಮ್ಮಿ ಇಲ್ಲೇ ನಂಗೆ ಹೊಡೆದಿದ್ದು. ನೀನು ಇಲ್ಲೇ ನಕ್ಕಿದ್ದು. ನೆನಪಾಯ್ತ?"

ಆಗ ಅವರಿಗೆ ನೆನಪಾಯಿತು. ಅದು ಕುತ್ತಿಗೆಯಿಂದ ಮೇಲೇರಿ ಮುಖಕ್ಕೆ ಬಂದದ್ದನ್ನು ನಾನು ಹತ್ತಿರದಿಂದ ಕಂಡೆ.

"ಮೇಲೆ ಹೋಗಿ ಮಾತಾಡುವ ಮಾರಾಯ. ಸ್ಟೇಜಲ್ಲಿ ಬೇಕಾದ್ರೆ ನಿಂಗೂ ಒಂದು ಶಾಲು ಹಾಕಿಸ್ತೀನಿ."

"ನಿನ್ನ ಶಾಲು ಜೀಪು ಒರೆಸೋಕೂ ಬೇಡ. ಮೇಷ್ಟ್ರೇ, ನೀವು ಹೇಳಿ. ಅವತ್ತು ಚಿಕ್ಕಮಗಳೂರಲ್ಲಿ ಓಡಿದ್ದು ಯಾರು?"

ರೇವಣ್ಣ ಮೇಷ್ಟ್ರಿಗೆ ಎಪ್ಪತ್ತೊಂಬತ್ತು. ಅವರು ಅಂದಿನಂತೆಯೇ ಶಶಿಧರ್ ಮುಖ ನೋಡಿದರು, ಆಮೇಲೆ ನೆಲ ನೋಡಿದರು. ಬಿಸಿಲು ಏರುತ್ತಿತ್ತು. ಹಿಂದಿನ ಪಿಕಪ್ಪಿಗೆ ಮುಂದೆ ಬರಲು ಜಾಗವಿರಲಿಲ್ಲ. ಇಬ್ಬರು ಯುವಕರು ಜೀಪು ತಾವೇ ತೆಗೆಯುತ್ತೇವೆಂದು ಮುಂದೆ ಬಂದರು. ಸಮೀಉಲ್ಲಾ ನಕ್ಕು, "ನಂಗೇ ಆಗಿಲ್ಲ, ನಿಮ್ಗಾಗ್ತದಾ?" ಎಂದ.

"ಹೇಳಿ ಮೇಷ್ಟ್ರೇ, ಬಿಸಿಲಿಗೆ ನಂಗೆ ಬಿ.ಪಿ. ಏರ್ತಾ ಇದೆ" ಎಂದರು ವಿಮಲಮ್ಮ.

"ತಯ್ಯಬ್" ಎಂದರು ಮೇಷ್ಟ್ರು. "ತಯ್ಯಬನೇ ಓಡಿದ್ದು."

"ಜೋರಾಗಿ. ಡ್ರಿಲ್ಲಿಗೆ ಕೂಗ್ತಿದ್ರಲ್ಲ, ಹಾಗೆ. ಯಾರ ಮಗ ತಯ್ಯಬ್?"

ಮೇಷ್ಟ್ರು ಜೀಪಿನ ಕಂಬಿ ಹಿಡಿದು ಎದ್ದು ನಿಂತರು. "ಮೈಮೂನಾಬಿ ಮಗ ತಯ್ಯಬ್. ಅವನು ಸುಳ್ಳು ಹೇಳಿರ್ಲಿಲ್ಲ. ಹೇಳಿದ್ದು ನಾನು."

ತಯ್ಯಬ್ ಶಶಿಧರ್ ಕಡೆ ತಿರುಗಿದ. "ಈಗ ನೀನು."

"ಅವ್ರು ಹೇಳಿದ್ರಲ್ಲ."

"ನೀನು. ನಮ್ಮಮ್ಮಿ ಹೆಸರು ಸೇರ್ಸಿ."

ಶಶಿಧರ್ ಸುತ್ತ ನೋಡಿದರು. ಊರು ಪೂರ್ತಿ ಏರಿನ ಎರಡೂ ಬದಿಗೆ ನಿಂತಿತ್ತು. ಯಾರೂ ತಯ್ಯಬನನ್ನು ಸುಮ್ಮನಿರು ಎನ್ನಲಿಲ್ಲ. ಕೊನೆಗೆ ಅವರು ಹಲ್ಲು ಕಚ್ಚಿ ಆ ಮಾತು ಹೇಳಿದರು. ಮೈಮೂನಾಬಿಯ ಹೆಸರು ಅವರ ಬಾಯಲ್ಲಿ ಮೊದಲ ಸಲ ತಡವರಿಸಿತು. ತಯ್ಯಬ್ ಇನ್ನೊಮ್ಮೆ ಹೇಳಿಸಿದ.

ಹೇಳಿದ ಮೇಲೆ ಬಿಟ್ಟಾನೆಂದು ನಾವೆಲ್ಲ ಅಂದುಕೊಂಡೆವು. ಅವನು ಮೇಷ್ಟ್ರನ್ನು ಕೂರಲು ಹೇಳಿದ. ಶಶಿಧರ್ ಇಳಿಯುವವರೆಗೆ ಬಾಗಿಲ ಹತ್ತಿರ ನಿಂತ. ಕಲ್ಲು ತೆಗೆದು ಜೀಪು ಸ್ಟಾರ್ಟ್ ಮಾಡಿ ಫಸ್ಟ್ ಗೇರಿನಲ್ಲಿ ಹೊರಟುಹೋದ. ಶಶಿಧರ್ ಅದರ ಹೊಗೆಯ ಹಿಂದೆ, ಮೊಣಕಾಲಿಗೆ ಬಡಿಯುವ ನನ್ನ ಹಾರ ಹೊತ್ತು ಏದುಸಿರು ಬಿಡುತ್ತಾ ಹತ್ತಿದರು. ಮೂರು ಕಡೆ ನಿಂತರು. ಅದನ್ನು ನೋಡಿ ನನಗೆ ಸಂತೋಷವಾಯಿತು. ಆಗಬಾರದಿತ್ತು, ಆದರೂ ಆಯಿತು.

ವೇದಿಕೆಯ ಮೇಲೆ ಎಲ್ಲವೂ ಅಚ್ಚು ಹಾಕಿದ ಪಟ್ಟಿಯಂತೆಯೇ ನಡೆಯಿತು. ಶಶಿಧರ್ ಅವರಿಗೆ ಶಾಲು, ಫಲಕ ಎರಡೂ ಸಿಕ್ಕಿದವು. ಭಾಷಣದಲ್ಲಿ ಯಾರೂ ಏರಿನ ಮಾತೆತ್ತಲಿಲ್ಲ. ಆದರೆ ತಿಂಗಳೊಳಗೆ ತೋಟದ ಗೇಟಿನ ಬೋರ್ಡಿನಲ್ಲಿ ಹೆಸರಿನ ಕೆಳಗಿನ ಸಾಲಿಗೆ ಬಣ್ಣ ಬಳಿದಿದ್ದರು. ಅವರ ಕಾರು ಪೇಟೆಯಲ್ಲಿ ನಿಂತರೆ ಜೀಪಿನವರು, "ಹತ್ತುತ್ತೀರಾ ಅಣ್ಣಾ, ಇಲ್ಲ ಓಡ್ತೀರಾ?" ಎಂದು ಈಗಲೂ ಕೇಳುತ್ತಾರೆ.

ಫೆಬ್ರವರಿಯಲ್ಲಿ ರೇವಣ್ಣ ಮೇಷ್ಟ್ರು ಕೋಲೂರಿಕೊಂಡು ಸ್ಟ್ಯಾಂಡಿಗೆ ಬಂದರು. ತಯ್ಯಬನ ಜೀಪಿನ ಬಳಿ ನಿಂತರು.

"ನಂದು ತಪ್ಪಾಯ್ತು ಕಣೋ. ಕ್ಷಮಿಸ್ಬಿಡು."

"ನಂಗೆ ಮೊಟ್ಟೆ ಕೊಟ್ಟಿದ್ರಿ ಸಾರ್. ನಂದು ಹೇಗೋ ಆಯ್ತು" ಎಂದ ತಯ್ಯಬ್. "ಅಮ್ಮಿದು ನನ್ನ ಕೈಲಿಲ್ಲ. ಅವ್ಳನ್ನೇ ಕೇಳ್ಕೊಂಡು ಬನ್ನಿ."

ಮೇಷ್ಟ್ರು ನನ್ನ ಅಂಗಡಿಗೆ ಬಂದು ಎರಡು ಮೊಳ ಸೇವಂತಿಗೆ ಕೇಳಿದರು. ಖಬರಸ್ಥಾನಕ್ಕೆ ಯಾವ ದಾರಿ, ಮೈಮೂನಾಬಿಯ ಗೋರಿ ಎಲ್ಲಿ ಬರುತ್ತದೆ ಎಂದು ಕೇಳಿದರು. ಹೂವನ್ನು ಬಾಳೆಲೆಯಲ್ಲಿ ಸುತ್ತಿ ಕೊಟ್ಟು, ಪಶ್ಚಿಮದ ಗೋಡೆಯ ಹತ್ತಿರ ಎಂದೆ. ಅದೂ ಏರು ದಾರಿ, ಶಾಲೆಯದಕ್ಕಿಂತ ಉದ್ದ. ಜೀಪು ಖಾಲಿಯಿತ್ತು. ನಾನು ತಯ್ಯಬನ ಕಡೆ ನೋಡಿದೆ. ಅವನು ಸೀಟಿನಲ್ಲಿ ಕೂತು, ಮೇಷ್ಟ್ರು ಕೋಲೂರಿಕೊಂಡು ಹತ್ತುವುದನ್ನು ತಿರುವಿನವರೆಗೂ ನೋಡುತ್ತಿದ್ದ. ಕೀ ಅವನ ಜೇಬಿನಲ್ಲೇ ಇತ್ತು.