ಎಂಟುನೂರ ಹತ್ತು ಮಿಲಿಮೀಟರ್ ಹೆಚ್ಚು

ಮದುವೆಯಾಗಿ ಕೊಯಮತ್ತೂರಿಗೆ ಬಂದಾಗ ನನಗೆ ಬರುತ್ತಿದ್ದ ತಮಿಳು ಬಸ್ಸು ಹತ್ತುವುದಕ್ಕೆ, ತರಕಾರಿ ಕೊಳ್ಳುವುದಕ್ಕೆ ಸಾಕಾಗುವಷ್ಟು. ಜಗಳ ಆಡುವುದಕ್ಕೆ ಸಾಲುತ್ತಿರಲಿಲ್ಲ, ಅದೇ ನನ್ನ ದೊಡ್ಡ ಸಂಕಟ. ತಿಪಟೂರಿನಲ್ಲಿ ನನ್ನ ಬಾಯಿಗೆ ಹೆದರುವವರು ಬೇಕಾದಷ್ಟು ಜನ ಇದ್ದರು. ಇಲ್ಲಿಗೆ ಬಂದ ಮೇಲೆ ತುಂಬಾ ಸಾಧು ಸೊಸೆ ಎಂಬ ಹೆಸರು ಬಂತು.

ಗಂಡನ ಮನೆಯವರೂ ಕನ್ನಡದವರೇ, ತಲೆಮಾರುಗಳಿಂದ ಇಲ್ಲಿ ನೆಲೆಸಿದ ನೇಕಾರರು. ಆದರೆ ಅವರ ಕನ್ನಡದಲ್ಲಿ ಅರ್ಧ ಪದಗಳು ತಮಿಳು, ರಾಗ ಪೂರ್ತಿ ತಮಿಳು. ಬಂದ ಹೊಸದರಲ್ಲಿ ಅತ್ತೆ, "ಜನ್ನಲ್ ಸಾತು ಮಾ, ಕೊಸು ಬರ್ತದೆ" ಎಂದಾಗ ನಾನು ಕೊಸು ಯಾರೆಂದು ಬಾಗಿಲ ಕಡೆ ನೋಡಿದ್ದೆ. ಬರುವುದು ಸೊಳ್ಳೆ, ಮುಚ್ಚಬೇಕಾದದ್ದು ಕಿಟಕಿ. ನಾನು ನಕ್ಕೆ, ಅತ್ತೆಯೂ ನಕ್ಕರು. ಆದರೆ ಅಂದಿನಿಂದ ನನ್ನೆದುರು ಮಾತಾಡುವಾಗ ಅವರು ಕೊಂಚ ತಡವರಿಸುತ್ತಿದ್ದರು. ಅದೇಕೆಂದು ಯೋಚಿಸುವಷ್ಟು ಬುದ್ಧಿ ಆಗ ನನಗಿರಲಿಲ್ಲ.

ಐಟಿಐ ಮುಗಿಸಿ ತುಮಕೂರಿನಲ್ಲಿ ಎರಡು ವರ್ಷ ಉಕ್ಕು ಕತ್ತರಿಸುವ ಕಂಪ್ಯೂಟರ್ ಯಂತ್ರ ನಡೆಸಿದ್ದೆ. ಆ ಧೈರ್ಯದ ಮೇಲೆ ತುಡಿಯಲೂರಿನಾಚೆಯ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಕೆಲಸ ಕೇಳಿದೆ. ಅಲ್ಲಿ ಹೆಂಗಸರು ಇದ್ದರು, ಆದರೆ ಎಲ್ಲರೂ ಗ್ರೈಂಡಿಂಗಿನಲ್ಲಿ, ಕತ್ತರಿಸಿ ಬಂದ ಪ್ಲೇಟಿನ ಅಂಚಿಗೆ ಅಂಟಿದ ಕಿಟ್ಟ ಉಜ್ಜುವ ಕೆಲಸದಲ್ಲಿ. ಯಂತ್ರದ ಮುಂದೆ ಹೆಂಗಸು ನಿಂತದ್ದಿಲ್ಲ. ಫೋರ್‌ಮನ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೂರು ತಿಂಗಳು ನೋಡೋಣ, ಒಂದು ಪ್ಲೇಟು ಹಾಳಾದರೂ ಗ್ರೈಂಡಿಂಗಿಗೆ ಹೋಗಬೇಕು ಎಂದು ತಮಿಳಿನಲ್ಲಿ ಹೇಳಿದರು. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ, ಮುಖ ಸದಾ ಗಂಟು. ಗ್ರೈಂಡಿಂಗ್ ಕೀಳು ಕೆಲಸವೇನಲ್ಲ. ಆದರೆ ನಾನು ಕಲಿತದ್ದು ಯಂತ್ರ, ನನಗೆ ಬೇಕಿದ್ದದ್ದೂ ಯಂತ್ರವೇ.

ಹಳಿಯ ಮೇಲೆ ಓಡಾಡುವ ಯಂತ್ರ ಅದು. ನಕ್ಷೆಯನ್ನು ಕಂಪ್ಯೂಟರಿಗೆ ಹಾಕಿ, ಉರಿಯ ಎತ್ತರ ಸರಿಮಾಡಿ ಗುಂಡಿ ಒತ್ತಿದರೆ ಉಕ್ಕು ಕೆಂಪಾಗಿ, ತೂತಾಗಿ, ಗೆರೆ ಹಿಡಿದು ಬಿಡಿಸಿಕೊಳ್ಳುತ್ತ ಹೋಗುತ್ತದೆ. ಹೇಳಿದ ಅಳತೆಯನ್ನು ಯಂತ್ರ ಕೂದಲೆಳೆ ತಪ್ಪದೆ ಕತ್ತರಿಸುತ್ತದೆ. ಹೇಳುವವರು ಸರಿಯಾಗಿ ಹೇಳಬೇಕು, ಅಷ್ಟೆ.

ಮೂರನೆಯ ತಿಂಗಳಿನ ಕೊನೆಯ ವಾರ. ಬೆಳಗಿನ ಶಿಫ್ಟಿನಲ್ಲಿ ನಲವತ್ತು ಮಿಲಿಮೀಟರ್ ದಪ್ಪದ ಆರು ಪ್ಲೇಟು ಕತ್ತರಿಸುವುದಿತ್ತು. ನಕ್ಷೆಯಲ್ಲಿ ಉದ್ದ ಸಾವಿರದ ಐನೂರು. ಇನ್ನೇನು ಶುರುಮಾಡಬೇಕು, ಅಷ್ಟರಲ್ಲಿ ಫೋರ್‌ಮನ್ ಆ ಕಡೆಯಿಂದ ಕೂಗಿದರು: "ಗಿರಾಕಿ ಫೋನ್ ಪಣ್ಣಿಟ್ಟಾಂಗ. ನೀಳಂ ಆಯಿರತ್ತಿ ತೊಣ್ಣೂರು!" ಗಿರಾಕಿ ಫೋನ್ ಮಾಡಿ ಉದ್ದ ಬದಲಿಸಿದ್ದಾರೆ ಎಂದರ್ಥ. ಆಯಿರ ಎಂದರೆ ಸಾವಿರ, ಅದು ಗೊತ್ತಿತ್ತು. ತೊಣ್ಣೂರು? ಇರುನೂರು, ಮುನ್ನೂರು ಎಲ್ಲ ಎರಡೂ ಭಾಷೆಯಲ್ಲಿ ಹೆಚ್ಚುಕಡಿಮೆ ಒಂದೇ. ಕೊನೆಗೆ ನೂರು ಬಂದರೆ ನೂರೇ. ಮೊದಲಲ್ಲಿ ಒಂಬತ್ತರ ಸದ್ದು, ಹಾಗಾದರೆ ಇದು ಒಂಬೈನೂರು. ಅವರು ಅಷ್ಟರಲ್ಲಿ ಪಕ್ಕದ ಶೆಡ್ಡಿಗೆ ಹೋಗಿದ್ದರು. ಓಡಿಹೋಗಿ ಇನ್ನೊಮ್ಮೆ ಕೇಳಬಹುದಿತ್ತು. ತಮಿಳು ಬರದವಳು ಅನ್ನಿಸಿಕೊಳ್ಳಲು ಸೊಕ್ಕು ಬಿಡಲಿಲ್ಲ. ಚೀಟಿಯಲ್ಲಿ 1900 ಎಂದು ಬರೆದೆ, ಆರೂ ಪ್ಲೇಟು ಕತ್ತರಿಸಿದೆ. ಅಳತೆ ನೋಡುವವನು ಟೇಪು ಹಿಡಿದು, ನನ್ನದೇ ಚೀಟಿಗೆ ತಾಳೆ ನೋಡಿ ಸರಿ ಎಂದ. ಐದು ಗಂಟೆಗೆ ಲಾರಿ ಬರುವುದಿತ್ತು. ಎರಡಕ್ಕೆ ನಾನು ಹೆಮ್ಮೆಯಿಂದಲೇ ಮನೆಗೆ ಹೊರಟೆ.

ಗಂಡ ತಿರುಪ್ಪೂರಿಗೆ ಕೆಲಸಕ್ಕೆ ಹೋಗಿದ್ದ. ಅತ್ತೆ ಸೊಪ್ಪು ಬಿಡಿಸುತ್ತ ಕೂತಿದ್ದರು. ನಾನು ಊಟಕ್ಕೆ ಕೂತಾಗ ಆನೈಮಲೈಯಲ್ಲಿರುವ ತಮ್ಮ ತಾಯಿಯ ಮಾತು ತೆಗೆದರು.

"ಈ ತೈ ಮಾಸಕ್ಕೆ ನಮ್ಮವ್ವನಿಗೆ ತೊಣ್ಣೂರು ತುಂಬ್ತದೆ ಮಾ. ಎಲ್ಲಾರೂ ಹೋಗಿಟ್ಟು ಬರೋಣ."

ಒಂಬೈನೂರು ವರ್ಷದ ಅಜ್ಜಿ! ನನಗೆ ನಗು ಉಕ್ಕಿ ಬಂತು. ನಗಲು ಬಾಯಿ ತೆರೆದವಳಿಗೆ ಬೆಳಗಿನ ಕೂಗು ನೆನಪಾಯಿತು.

"ಅತ್ತೆ, ಎಂಬತ್ತೊಂಬತ್ತು ಆದಮೇಲೆ ತಮಿಳಲ್ಲಿ ಏನು?"

"ತೊಣ್ಣೂರು ತಾನೇ."

"ಮತ್ತೆ ಒಂಬೈನೂರಕ್ಕೆ?"

"ತೊಳ್ಳಾಯಿರಂ. ಯಾಕ್ ಮಾ, ಮುಖ ಒಂದ್ ತರ ಆಯ್ತು?"

ತಟ್ಟೆ ಬಿಟ್ಟು ಎದ್ದೆ. ಸಾವಿರದ ತೊಂಬತ್ತು ಇರಬೇಕಾದ ಕಡೆ ಸಾವಿರದ ಒಂಬೈನೂರು ಕತ್ತರಿಸಿದ್ದೆ. ಫೋರ್‌ಮನ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ಯಂತ್ರಗಳ ಸದ್ದಿನಲ್ಲಿ ಅಲ್ಲಿ ಯಾರಿಗೂ ಫೋನ್ ಕೇಳಿಸುವುದಿಲ್ಲ. ಅತ್ತೆಗೆ ಎರಡು ಮಾತಿನಲ್ಲಿ ವಿಷಯ ಹೇಳಿ ಬಸ್‌ಸ್ಟಾಪಿಗೆ ಓಡಿದೆ.

ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಗ್ರೈಂಡಿಂಗ್ ಕನ್ನಡಕ ಹಾಕಿಕೊಂಡ ನನ್ನ ಮುಖವೇ ಕಣ್ಣೆದುರು ಬರುತ್ತಿತ್ತು. ಅರ್ಧ ದಾರಿಯಲ್ಲಿ, ತಲೆ ಸ್ವಲ್ಪ ತಣ್ಣಗಾದಾಗ, ಇಷ್ಟು ಹೊತ್ತು ಹೊಳೆಯದ ಒಂದು ವಿಷಯ ಹೊಳೆಯಿತು.

"ಹೆಚ್ಚು!" ಎಂದು ಗಟ್ಟಿಯಾಗಿ ಅಂದುಬಿಟ್ಟೆ. "ಕಡಿಮೆ ಅಲ್ಲ, ಹೆಚ್ಚು!"

ಪಕ್ಕದಲ್ಲಿದ್ದ ಹೆಂಗಸು ಬ್ಯಾಗು ಎದೆಗವುಚಿಕೊಂಡು ಸರಿದು ಕೂತಳು. ನಾನು ಅವಳಿಗೆ ಹಲ್ಲುಕಿರಿದೆ. ಗಿಡ್ಡವಾಗಿದ್ದರೆ ಆರೂ ಪ್ಲೇಟು ಗುಜರಿಗೆ ಹೋಗುತ್ತಿದ್ದವು. ಉದ್ದವಾದದ್ದನ್ನು ಮತ್ತೆ ಕತ್ತರಿಸಬಹುದು. ಎಂಟುನೂರ ಹತ್ತು ಮಿಲಿಮೀಟರ್ ಹೆಚ್ಚು, ಅಷ್ಟೇ. ಹೋದ ಜೀವ ಬಂದಂತಾಯಿತು. ಆದರೆ ಪ್ಲೇಟು ಉಳಿದರೂ ನಾನು ಉಳಿಯುತ್ತೇನೋ ಇಲ್ಲವೋ ಎಂಬುದು ಆ ಗಂಟು ಮುಖದವರ ಕೈಯಲ್ಲಿತ್ತು.

ಗೇಟಿನೊಳಗೆ ಲಾರಿ ಆಗಲೇ ಬಂದು ನಿಂತಿತ್ತು. ನನ್ನ ಆರು ಪ್ಲೇಟು ಇನ್ನೂ ಕ್ರೇನಿಗೆ ಕಾಯುತ್ತ ನೆಲದ ಮೇಲೇ ಇದ್ದವು. ಫೋರ್‌ಮನ್ ಎದುರು ನಿಂತು ನನ್ನ ಹರಕುಮುರುಕು ತಮಿಳಿನಲ್ಲಿ ಎಲ್ಲ ಹೇಳಿದೆ: ತಪ್ಪು ಯಂತ್ರದ್ದಲ್ಲ, ಅಳತೆ ನೋಡಿದವನದ್ದೂ ಅಲ್ಲ, ನನ್ನದು, ತೊಣ್ಣೂರು ಎಂದರೆ ಏನೆಂದು ಗೊತ್ತಿರಲಿಲ್ಲ, ಕೇಳಲು ನಾಚಿಕೆಯಾಯಿತು. ಅವರು ಕ್ರೇನಿನವನಿಗೆ ಕೈಮಾಡಿದರು. ಪ್ಲೇಟುಗಳು ಒಂದೊಂದಾಗಿ ಯಂತ್ರದ ಮೇಲೆ ಬಂದವು. ನಾನು ಅಳತೆ ಬದಲಿಸಿ, ಮೂರು ಸಲ ಓದಿ, ಗುಂಡಿ ಒತ್ತಿದೆ. ಅರ್ಧ ಗಂಟೆಯಲ್ಲಿ ಆರೂ ಮುಗಿದವು.

ಕೊನೆಯ ಪ್ಲೇಟಿಗೆ ಫೋರ್‌ಮನ್ ತಾವೇ ಬಗ್ಗಿ ಟೇಪು ಹಿಡಿದರು.

"ಸಾವ್ರದ ತೊಂಬತ್ತು," ಎಂದರು. "ಸರಿಯಾಗಿ ಐತೆ."

ಒಂದು ಕ್ಷಣ ಅತ್ತೆಯ ಅಡುಗೆಮನೆಯಲ್ಲಿ ನಿಂತಿದ್ದೇನೆ ಅನ್ನಿಸಿತು.

"ಸಾರ್, ನಿಮಗೆ ಕನ್ನಡ ಬರುತ್ತಾ?"

"ನಮ್ಮನೆ ಮಾತೂ ಇದೇ ತಾನ್ ಮಾ," ಎಂದರು, ಮುಖ ಎತ್ತದೆ. "ನಮ್ಮಪ್ಪ ಮಗ್ಗದ ಮುಂದೆ ಕೂಡ್ಸಿಟ್ಟು ಎಣಿಕೆ ಎಲ್ಲಾ ಹೇಳ್ಕೊಟ್ರು. ಓದೋಕೆ ಎಳುದೋಕೆ ಬರಲ್ಲ."

ಸುಮಾರು ಮೂರು ತಿಂಗಳು ಇವರ ಪಕ್ಕದಲ್ಲೇ ನಿಂತು ಕನ್ನಡದಲ್ಲಿ ಗೊಣಗಿದ್ದೆಲ್ಲ ನೆನಪಾಗಿ ಕಿವಿ ಬಿಸಿಯಾಯಿತು. ಅದರ ಹಿಂದೆಯೇ ಸಿಟ್ಟೂ ಬಂತು.

"ಮತ್ತೆ ನಾನು ತಮಿಳಲ್ಲಿ ಅಷ್ಟು ಒದ್ದಾಡ್ತಾ ಇದ್ದಾಗ ಸುಮ್ಮನೆ ನೋಡ್ತಾ ಇದ್ರಲ್ಲ ಸಾರ್! ಒಂದು ಮಾತು ಆಡಬಾರದಿತ್ತಾ?"

"ನೀನು ಟಿವಿ ನ್ಯೂಸ್ ತರ ಪೇಸ್ತೀಯ. ನಮ್ದು ಅರ್ಧ ತಮಿಳು. ಕೇಳಿ ನಗ್ತೀಯ ಅಂತ ಸುಮ್ನೆ ಇದ್ದೆ."

ನಗುತ್ತಿದ್ದೆ, ಖಂಡಿತ ನಗುತ್ತಿದ್ದೆ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಲಾರಿಗೆ ಕೊನೆಯ ಪ್ಲೇಟು ಏರಿತು. ನಾನು ಧೈರ್ಯ ಮಾಡಿ ಕೇಳಿದೆ, "ನಾಳೆಯಿಂದ ಗ್ರೈಂಡಿಂಗಾ ಸಾರ್?"

ಅವರು ನನ್ನ ಹಳೆಯ ಚೀಟಿಯಲ್ಲಿದ್ದ 1900ರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ 1090 ಎಂದು ಬರೆದು, ಸಹಿ ಹಾಕಿ ಕೊಟ್ಟರು.

"ಯಾರೂ ಕೇಳ್ದೆ ಓಡ್ಬಂದು ನಂದು ತಪ್ಪು ಅಂದ್ಯಲ್ಲ, ಸಾಕು. ಮಿಷಿನು ನಿಂದೇ. ಆರು ಮಣಿಗೆ ಬಂದ್ಬಿಡು."

ತಮಿಳಿನಲ್ಲಿ ಹೇಳಿದ್ದರೆ, ಅರ್ಥವಾದದ್ದು ಸರಿಯೋ ಎಂದು ಇನ್ನೊಮ್ಮೆ ಕೇಳುತ್ತಿದ್ದೆ. ಕನ್ನಡದಲ್ಲಿ ಹೇಳಿದರು, ಕೇಳಿದ ತಕ್ಷಣ ಅಳು ಬಂತು.